ಹೃದಯದ ಸ್ನಾಯು ಸೋತಾಗ ಮೈ ತೋರುವ ಗುರುತುಗಳು

ಕಳೆದ ಸಂಚಿಕೆಯಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬರೆದಿದ್ದೆವು. ಈ ಸಲ ಆರೋಗ್ಯದ ಸರದಿ. ಆದರೂ ಮಾತನ್ನು ಹಟ್ಟಿಯಿಂದಲೇ ಆರಂಭಿಸುತ್ತೇವೆ.

ಬೈಹುಲ್ಲಿನ ಜೊತೆ ತಂತಿಯ ತುಂಡನ್ನೋ ಮೊಳೆಯನ್ನೋ ನುಂಗಿದ ದನವನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ನುಂಗಿದ ಲೋಹ ಎರಡನೆಯ ಹೊಟ್ಟೆಯಲ್ಲಿ ಉಳಿದು, ಕೆಲವೊಮ್ಮೆ ಅಲ್ಲಿಂದ ಮುಂದಕ್ಕೆ ಚುಚ್ಚಿಕೊಂಡು ಹೃದಯದ ಸುತ್ತಲಿನ ಪೊರೆಯನ್ನು ತಲುಪುತ್ತದೆ. ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಇಳಿಜಾರಿನಲ್ಲಿ ಹೆಜ್ಜೆ ಇಡಲು ಹಿಂಜರಿಯುತ್ತದೆ. ದಿನ ಕಳೆದಂತೆ ಅದರ ಗಂಗೆದೊಗಲು ನೀರು ತುಂಬಿ ಜೋತುಬೀಳುತ್ತದೆ. ಕೊರಳಿನ ಪಕ್ಕದ ನಾಳ ಹಗ್ಗದಂತೆ ಎದ್ದು ನಿಲ್ಲುತ್ತದೆ. ದನದ ಡಾಕ್ಟರು ಬಂದವರು ಮೊದಲು ಆ ನಾಳವನ್ನೇ ನೋಡುತ್ತಾರೆ. ಯಾವ ಯಂತ್ರವೂ ಇಲ್ಲದೆ, ಹಟ್ಟಿಯ ಮಬ್ಬು ಬೆಳಕಿನಲ್ಲಿ, 'ಇದು ಹೃದಯದ ತೊಂದರೆ' ಎಂದು ಹೇಳಿಬಿಡುತ್ತಾರೆ.

ಹಸುವಿಗೆ ಹೃದಯದ ಹೊರಗಿನ ಪೊರೆಯಲ್ಲಿ ಕೇಡು. ನಾವಿಲ್ಲಿ ಹೇಳಹೊರಟದ್ದು ಮನುಷ್ಯರಲ್ಲಿ ಹೃದಯದ ಮಾಂಸವೇ ಕೆಡುವ ರೋಗದ ವಿಷಯ. ಕಾರಣ ಬೇರೆಯಾದರೂ ಮೈ ತೋರಿಸುವ ಗುರುತುಗಳಲ್ಲಿ ಬಹಳಷ್ಟು ಒಂದೇ. ದನದ ಕೊರಳನ್ನು ಅಷ್ಟು ದೂರದಿಂದ ಗುರುತಿಸುವ ನಾವು ಮನೆಯ ಯಜಮಾನನ ಕೊರಳನ್ನು ನೋಡುವುದಿಲ್ಲ ಎಂಬುದೇ ಈ ಲೇಖನಕ್ಕೆ ಕಾರಣ.

ನಮ್ಮ ನೆರೆಯವರೊಬ್ಬರು ಐವತ್ತು ದಾಟಿದ ಅಡಿಕೆ ಕೃಷಿಕರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಏದುಸಿರು ಶುರುವಾಯಿತು. ತೋಟದ ಏರಿ ಹತ್ತಲು ಎರಡು ಸಲ ನಿಲ್ಲಬೇಕು. ರಾತ್ರಿ ಮಲಗಿದರೆ ಒಂದೆರಡು ತಾಸಿನಲ್ಲಿ ಉಸಿರು ಕಟ್ಟಿದಂತಾಗಿ ಎದ್ದು ಕೂರುವುದು, ಕಿಟಕಿ ತೆರೆಯುವುದು, ಕೊನೆಗೆ ಜಗಲಿಗೆ ಬಂದು ಕಂಬಕ್ಕೆ ಒರಗಿ ಬೆಳಗು ಮಾಡುವುದು. ಎಲ್ಲರೂ 'ದಮ್ಮು' ಎಂದರು. ತಂಪುಹವೆ, ಬೋರ್ಡೋ ದ್ರಾವಣದ ವಾಸನೆ, ಅಡಿಕೆ ಒಣಗಿಸುವಾಗಿನ ಧೂಳು, ಹೀಗೆ ಕಾರಣಗಳೂ ಸಿಕ್ಕವು. ಐದಾರು ತಿಂಗಳು ದಮ್ಮಿನ ಮಾತ್ರೆಯನ್ನೇ ನುಂಗಿದರು. ಪ್ರತಿ ಸಲವೂ ಔಷಧಿ ಪಡೆದದ್ದು ಮೇಜಿನ ಈಚೆ ಕುಳಿತು, ಅಂಗಿಯ ಗುಂಡಿ ಬಿಚ್ಚದೆ.

ಕೊನೆಗೆ ಅವರನ್ನು ನೋಡಿದ ಎಳೆಯ ಪ್ರಾಯದ ಡಾಕ್ಟರಮ್ಮ, "ಅಂಗಿ ತೆಗೆದು ಆ ಮಂಚದ ಮೇಲೆ ಒರಗಿ ಮಲಗಿ" ಎಂದರು. ಇವರು, "ಅದೆಲ್ಲ ಯಾಕೆ ಡಾಕ್ಟ್ರೇ, ದಮ್ಮಿಗೆ ಒಂದು ಇಂಜೆಕ್ಷನ್ ಕೊಟ್ಟರೆ ಸಾಕು" ಎಂದರಂತೆ. ಜೊತೆಗಿದ್ದ ಹೆಂಡತಿ ಗದರಿಸಿದ ಮೇಲೆ ಅಂಗಿ ಬಿಚ್ಚಿದರು. ಹತ್ತು ನಿಮಿಷದಲ್ಲಿ ಡಾಕ್ಟರಮ್ಮ ಹೇಳಿದರು: "ಇದು ದಮ್ಮಲ್ಲ. ನಿಮ್ಮ ಹೃದಯ ದೊಡ್ಡದಾಗಿದೆ, ಅದರ ಸ್ನಾಯು ಸೋತಿದೆ. ಎಕೋ ಮಾಡಿಸೋಣ." ಎಕೋ ಪರೀಕ್ಷೆಯೂ ಅದನ್ನೇ ಹೇಳಿತು.

ಆ ಹತ್ತು ನಿಮಿಷದಲ್ಲಿ ಅವರು ಕಂಡದ್ದೇನು? ನಮಗೆ ಕುತೂಹಲ ಹುಟ್ಟಿತು. ಕೇಳಿ, ಓದಿ, ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹೃದಯವೆಂದರೆ ಮುಷ್ಟಿಯಷ್ಟು ದೊಡ್ಡ ಮಾಂಸದ ಚೀಲ, ರಕ್ತವನ್ನು ಮೈಯೆಲ್ಲ ಓಡಿಸುವ ಪಂಪು. ರಕ್ತನಾಳ ಕಟ್ಟಿಕೊಂಡು ಬರುವ ಹೃದಯಾಘಾತದ ಬಗ್ಗೆ ಎಲ್ಲರೂ ಕೇಳಿದ್ದೇವೆ. ನಾಳಗಳೆಲ್ಲ ಸರಿಯಾಗಿದ್ದೂ ಮಾಂಸವೇ ಕೆಡುವುದುಂಟು. ಇದನ್ನು ವೈದ್ಯರು ಕಾರ್ಡಿಯೊಮಯೋಪತಿ ಎನ್ನುತ್ತಾರೆ. ಇದರಲ್ಲಿ ಮುಖ್ಯವಾದವು ಮೂರು ಬಗೆ. ಒಂದರಲ್ಲಿ ಹೃದಯ ಹಳೆಯ ಗೋಣಿಯಂತೆ ಹಿಗ್ಗಿ, ಗೋಡೆ ತೆಳುವಾಗಿ, ಹಿಂಡುವ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನೊಂದರಲ್ಲಿ ಗೋಡೆ ಅತಿಯಾಗಿ ದಪ್ಪವಾಗಿ ಒಳಗಿನ ಜಾಗವನ್ನು ಇಕ್ಕಟ್ಟು ಮಾಡುತ್ತದೆ. ಮೂರನೆಯದರಲ್ಲಿ ಗೋಡೆ ಬಿರುಸಾಗಿ, ರಕ್ತ ತುಂಬಿಕೊಳ್ಳಲು ಸಡಿಲವಾಗುವುದೇ ಇಲ್ಲ. ಕಾರಣಗಳು ಹಲವು: ವೈರಸ್ ಸೋಂಕು, ವಂಶದಿಂದ ಬಂದ ದೋಷ, ವರ್ಷಾನುಗಟ್ಟಲೆಯ ಕುಡಿತ, ಥೈರಾಯಿಡ್ ತೊಂದರೆ, ಕೆಲವು ಕ್ಯಾನ್ಸರ್ ಔಷಧಿಗಳು. ಹಲವರಲ್ಲಿ ಕಾರಣವೇ ಸಿಗುವುದಿಲ್ಲ.

ನಮ್ಮ ನೆರೆಯವರದು ಮೊದಲನೆಯ ಬಗೆ. ಡಾಕ್ಟರಮ್ಮ ಮೊದಲು ಅವರ ಕೈ ಹಿಡಿದರು. ಅಂಗೈ ತಣ್ಣಗಿತ್ತು. ಹೃದಯ ಸೋತಾಗ ರಕ್ತ ಮುಖ್ಯ ಅಂಗಗಳಿಗೆ ಮೀಸಲಾಗಿ ಕೈಕಾಲಿಗೆ ಕಡಿಮೆಯಾಗುತ್ತದೆ. ನಾಡಿ ಬೇಗಬೇಗ ಬಡಿಯುತ್ತಿತ್ತು, ಆದರೆ ಬಲವಿರಲಿಲ್ಲ. ಕೆಲವರಲ್ಲಿ ನಾಡಿ ತಾಳ ತಪ್ಪದೆ ಒಮ್ಮೆ ಗಟ್ಟಿ, ಒಮ್ಮೆ ಮೆಲ್ಲಗೆ ಬಡಿಯುವುದುಂಟು. ಇದು ಸ್ನಾಯು ತುಂಬಾ ಸೋತ ಗುರುತು. ಇನ್ನು ಕೆಲವರಲ್ಲಿ ತಾಳವೇ ಇಲ್ಲದೆ ಅಡ್ಡಾದಿಡ್ಡಿ ಓಡುತ್ತದೆ. ಅಂಥವರ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಬರುವ ಭಯವಿರುವುದರಿಂದ ಇದನ್ನು ಬೇಗ ಪತ್ತೆ ಮಾಡಬೇಕು. ಕೈ ನೋಡುವಾಗಲೇ ವೈದ್ಯರು ನಡುಕವನ್ನೂ, ಕತ್ತಿನ ಮುಂಭಾಗದಲ್ಲಿ ಥೈರಾಯಿಡ್ ಗಂಟು ಇದೆಯೇ ಎಂಬುದನ್ನೂ ಗಮನಿಸಿಬಿಡುತ್ತಾರೆ.

ಆಮೇಲೆ ಕೊರಳು. ಹಸುವಿನಲ್ಲಿ ನಾವು ನೋಡುವ ನಾಳವೇ ಇಲ್ಲಿಯೂ. ರೋಗಿಯನ್ನು ಪೂರ್ತಿ ಮಲಗಿಸದೆ, ಪೂರ್ತಿ ಕೂರಿಸದೆ, ಆರಾಮಕುರ್ಚಿಯಲ್ಲಿ ಒರಗಿದಂತೆ ಸುಮಾರು 45 ಡಿಗ್ರಿ ಓರೆಯಲ್ಲಿ ಇರಿಸಿ, ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಬಲಗಡೆಯ ಕೊರಳನ್ನು ನೋಡುತ್ತಾರೆ. ಹೃದಯಕ್ಕೆ ಹಿಂತಿರುಗುವ ರಕ್ತ ಆ ನಾಳದಲ್ಲಿ ಎಷ್ಟು ಎತ್ತರದವರೆಗೆ ನಿಂತಿದೆ ಎಂದು ಅಳೆಯುವುದು ಇದರ ಉದ್ದೇಶ. ಪಂಪು ಸರಿಯಾಗಿ ನೀರೆಳೆಯದಿದ್ದರೆ ಹೊಂಡದಲ್ಲಿ ನೀರು ಏರುವುದಿಲ್ಲವೇ, ಹಾಗೆ. ಎದೆಯ ನಡು ಎಲುಬಿನ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವ ಒಂದು ಏಣಿದೆ. ಅಲ್ಲಿಂದ ನೆಟ್ಟಗೆ ಮೇಲಕ್ಕೆ ಮೂರು ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಎತ್ತರದಲ್ಲಿ ನಾಳದ ಮಿಡಿತ ಕಂಡರೆ ಒತ್ತಡ ಏರಿದೆ ಎಂದು ಅರ್ಥ. ಪಕ್ಕದಲ್ಲೇ ಶುದ್ಧರಕ್ತದ ನಾಡಿಯೂ ಇರುವುದರಿಂದ ಎರಡನ್ನೂ ಬೇರ್ಪಡಿಸಿ ನೋಡಬೇಕು: ನಾಡಿ ಬೆರಳಿಗೆ ತಾಗುತ್ತದೆ, ಈ ನಾಳದ ಅಲೆ ಕಣ್ಣಿಗೆ ಮಾತ್ರ ಕಾಣುತ್ತದೆ. ಸಂದೇಹವಿದ್ದರೆ ಹೊಟ್ಟೆಯ ಮೇಲೆ ಹತ್ತು ಹದಿನೈದು ಸೆಕೆಂಡು ಅಂಗೈಯಿಂದ ಒತ್ತುತ್ತಾರೆ. ಆರೋಗ್ಯವಂತರಲ್ಲಿ ಮಟ್ಟ ಚೂರು ಏರಿ ಬೇಗ ಇಳಿಯುತ್ತದೆ. ಸೋತ ಹೃದಯದವರಲ್ಲಿ ಏರಿದ್ದು ಕೈ ತೆಗೆಯುವವರೆಗೂ ಏರಿಯೇ ಇರುತ್ತದೆ. ಡಾಕ್ಟರು ಹೊಟ್ಟೆ ಒತ್ತಿ ಕೊರಳು ನೋಡುವುದನ್ನು ಕಂಡು ನಗುವವರಿದ್ದಾರೆ. ಇನ್ನು ಮುಂದೆ ನಗಬೇಡಿ.

ದಮ್ಮಿಗೂ ಹೃದಯದ ಏದುಸಿರಿಗೂ ವ್ಯತ್ಯಾಸ ತಿಳಿಯಲು ಕೊರಳಿನಷ್ಟು ನೆರವಾಗುವ ಜಾಗ ಮೈಯಲ್ಲಿ ಹೆಚ್ಚಿಲ್ಲ. ಆದರೆ ಅದು ಕಾಣಬೇಕಾದರೆ ಅಂಗಿಯ ಕಾಲರು ಸರಿಯಬೇಕು, ಸೆರಗು ಸರಿಯಬೇಕು, ಬೆಳಕಿರಬೇಕು, ರೋಗಿಗೆ ಅವಸರವಿರಬಾರದು.

ಇನ್ನು ಎದೆ. ಮೊದಲು ಅಂಗೈ ಇಟ್ಟು ನೋಡುತ್ತಾರೆ. ಹೃದಯದ ತುದಿ ಎದೆಗೂಡಿಗೆ ಬಡಿಯುವ ಜಾಗವೊಂದಿದೆ. ಸಾಮಾನ್ಯವಾಗಿ ಅದು ಎಡಗಡೆ ಐದನೆಯ ಪಕ್ಕೆಲುಬಿನ ಕೆಳಗಿನ ಸಂದಿನಲ್ಲಿ, ಕೊರಳೆಲುಬಿನ ನಡುವಿನಿಂದ ಕೆಳಕ್ಕೆ ಗೆರೆ ಎಳೆದರೆ ಅದರ ಒಳಬದಿಯಲ್ಲಿ, ಒಂದು ನಾಣ್ಯದಗಲದಲ್ಲಿ ಬೆರಳಿಗೆ ತಾಗುತ್ತದೆ. ಹೃದಯ ಹಿಗ್ಗಿದಾಗ ಈ ಬಡಿತ ಕೆಳಕ್ಕೂ ಕಂಕುಳಿನ ಕಡೆಗೂ ಸರಿಯುತ್ತದೆ, ಹರಡಿಕೊಳ್ಳುತ್ತದೆ. ನಮ್ಮ ನೆರೆಯವರಲ್ಲಿ ಅದು ಕಂಕುಳಿನ ಗೆರೆಯ ಹತ್ತಿರ ಸಿಕ್ಕಿತಂತೆ. "ಅಲ್ಲಿ ಬೆರಳಿಟ್ಟಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು" ಎಂದು ಡಾಕ್ಟರಮ್ಮ ನಮಗೆ ಹೇಳಿದರು.

ಎದೆ ಬೆನ್ನುಗಳನ್ನು ಬೆರಳಿನಿಂದ ತಟ್ಟಿ ನೋಡುವುದೂ ಇದೆ. ಹಲಸು ಬಲಿತಿದೆಯೇ ಎಂದು ತಟ್ಟಿ ತಿಳಿಯುವ ನಮಗೆ ಇದು ಹೊಸದಲ್ಲ. ಈ ಕ್ರಮವನ್ನು ವೈದ್ಯಶಾಸ್ತ್ರಕ್ಕೆ ತಂದವನೂ ಹಳ್ಳಿಯ ಬುದ್ಧಿಯವನೇ. ಆಸ್ಟ್ರಿಯಾ ದೇಶದ ಗ್ರಾಟ್ಸ್ ಊರಿನ ಲಿಯೊಪೋಲ್ಡ್ ಔಎನ್‌ಬ್ರುಗರ್ ಎಂಬ ವೈದ್ಯ ಛತ್ರದವನ ಮಗ. ಪೀಪಾಯಿಯನ್ನು ತಟ್ಟಿ ಒಳಗೆ ಎಷ್ಟು ದ್ರಾಕ್ಷಾರಸ ಉಳಿದಿದೆ ಎಂದು ತಿಳಿಯುವುದು ಛತ್ರಗಳಲ್ಲಿ ರೂಢಿ. ಎದೆಯೂ ಒಂದು ಪೀಪಾಯಿಯಲ್ಲವೇ ಎಂದು ಆತ ರೋಗಿಗಳ ಎದೆ ತಟ್ಟಿ 1761ರಲ್ಲಿ ಪುಸ್ತಕ ಬರೆದ. ಬಹಳ ಮಂದಿ ಕಿವಿಗೊಡಲಿಲ್ಲ. 1808ರಲ್ಲಿ ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ ಅದನ್ನು ಫ್ರೆಂಚಿಗೆ ತಂದ ಮೇಲೆ ಅದಕ್ಕೆ ಬೆಲೆ ಬಂತು. ಗಾಳಿ ತುಂಬಿದ ಎದೆ ಟೊಳ್ಳಾಗಿ ನುಡಿಯುತ್ತದೆ. ಕೆಳಗೆ ನೀರು ನಿಂತಿದ್ದರೆ ಕಲ್ಲಿನಂತೆ ಮೊದ್ದು ಸದ್ದು.

ಸ್ಟೆತೊಸ್ಕೋಪಿನ ಕಥೆಯನ್ನು ನಮ್ಮ ತಾಯಂದಿರಿಗಾಗಿ ಹೇಳಬೇಕು. 1816ರವರೆಗೆ ವೈದ್ಯರು ಎದೆಗೆ ನೇರವಾಗಿ ಕಿವಿ ಇಟ್ಟು ಕೇಳುತ್ತಿದ್ದರು. ಆ ವರ್ಷ ಪ್ಯಾರಿಸಿನ ನೆಕ್ಕೆರ್ ಆಸ್ಪತ್ರೆಯಲ್ಲಿ ಹೃದಯರೋಗದ ಲಕ್ಷಣವಿದ್ದ ಎಳೆಯ ಹೆಂಗಸೊಬ್ಬಳು ಲೆನೆಕ್ ಎಂಬ ವೈದ್ಯರ ಬಳಿ ಬಂದಳು. ಆಕೆಯ ಎದೆಗೆ ಕಿವಿ ಇಡುವುದು ಸರಿಯಲ್ಲವೆಂದು ಅವರು ಕಾಗದವನ್ನು ಸುರುಳಿ ಸುತ್ತಿ ಅದರ ಮೂಲಕ ಕೇಳಿದರು. ಸದ್ದು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. ಹೀಗೆ ಸ್ಟೆತೊಸ್ಕೋಪ್ ಹುಟ್ಟಿದ್ದೇ ಹೆಂಗಸಿನ ಮಾನಕ್ಕೆ ಬೆಲೆ ಕೊಟ್ಟಿದ್ದರಿಂದ. ಆದ್ದರಿಂದ ನಾಚಿಕೆಯೆಂದು ಪರೀಕ್ಷೆಯನ್ನೇ ಬಿಡಬೇಡಿ. ಜೊತೆಗೆ ಅಕ್ಕನನ್ನೋ ಅತ್ತೆಯನ್ನೋ ಒಳಗೆ ಕರೆದುಕೊಳ್ಳಿ, ಪರದೆ ಎಳೆಯಲು ಹೇಳಿ, ನರ್ಸಮ್ಮ ಇರಲಿ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಆರೋಗ್ಯದ ಹೃದಯ 'ಲಬ್-ಡಬ್' ಎಂದು ಎರಡು ಸದ್ದು ಮಾಡುತ್ತದೆ. ಹಿಗ್ಗಿ ಸೋತ ಹೃದಯದಲ್ಲಿ ರಕ್ತ ನುಗ್ಗಿ ಬೀಳುವಾಗ ಮೂರನೆಯ ಸದ್ದೊಂದು ಸೇರಿಕೊಳ್ಳುತ್ತದೆ. ನಾಡಿಯೂ ವೇಗವಾಗಿದ್ದರೆ ಕುದುರೆಯ ನಾಗಾಲೋಟದಂತೆ ಕೇಳುತ್ತದೆ, ವೈದ್ಯರೂ ಅದೇ ಹೆಸರಿನಿಂದ ಕರೆಯುತ್ತಾರೆ. ಈ ಸದ್ದು ಬಹಳ ಮೆಲ್ಲನೆಯದು. ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಿ, ಬಡಿತದ ಜಾಗದ ಮೇಲೆ ಸ್ಟೆತೊಸ್ಕೋಪಿನ ಗಂಟೆಯಾಕಾರದ ಬದಿಯನ್ನು ಹಗುರವಾಗಿ ಇಟ್ಟು ಆಲಿಸಬೇಕು. ಆಗ ಹೊರಗೆ ಕಾಯುವವರು ಗಲಾಟೆ ಮಾಡಿದರೆ ಕೇಳುವುದಿಲ್ಲ! ಮಕ್ಕಳಲ್ಲಿ, ಎಳೆಯರಲ್ಲಿ, ಬಸುರಿಯರಲ್ಲಿ ಈ ಮೂರನೆಯ ಸದ್ದು ರೋಗವಿಲ್ಲದೆಯೂ ಇರಬಹುದು. ನಲವತ್ತು ದಾಟಿದವರಲ್ಲಿ ಕೇಳಿದರೆ ಮಾತ್ರ ಅಲಕ್ಷ್ಯ ಮಾಡುವಂತಿಲ್ಲ. ಹೃದಯ ಹಿಗ್ಗಿದಾಗ ಒಳಗಿನ ಕವಾಟದ ಬಾಗಿಲುಗಳು ಸರಿಯಾಗಿ ಕೂಡದೆ ರಕ್ತ ಹಿಂದಕ್ಕೆ ಸೋರುವುದರಿಂದ ಊದಿದಂಥ ಮರ್ಮರ ಸದ್ದೂ ಬರುತ್ತದೆ.

ಬೆನ್ನಿನ ಕೆಳಭಾಗದಲ್ಲಿ ಕೇಳಿದರೆ ಉಸಿರೆಳೆಯುವಾಗ ಚಿಟಿಚಿಟಿ ಸದ್ದು ಬರಬಹುದು. ಕಿವಿಯ ಹತ್ತಿರ ಕೂದಲನ್ನು ಬೆರಳುಗಳ ನಡುವೆ ಹೊಸೆದರೆ ಹೇಗೋ ಹಾಗೆ. ಶ್ವಾಸಕೋಶದಲ್ಲಿ ನೀರು ಒಸರುತ್ತಿದೆ ಎಂದರ್ಥ. ಒಂದು ಎಚ್ಚರಿಕೆ: ತಿಂಗಳುಗಟ್ಟಲೆ ಹೃದಯ ಸೋತಿರುವವರಲ್ಲಿ ದೇಹ ಹೊಂದಿಕೊಂಡು ಈ ಸದ್ದು ಇಲ್ಲದೆಯೂ ಇರಬಹುದು. 'ಎದೆ ಕ್ಲಿಯರ್ ಇದೆ' ಎಂಬ ಒಂದು ಮಾತಿಗೆ ನಿಶ್ಚಿಂತರಾಗಬೇಡಿ.

ಹೊಟ್ಟೆಯಲ್ಲಿ ಬಲಗಡೆ ಪಕ್ಕೆಲುಬಿನ ಕೆಳಗೆ ಪಿತ್ತಜನಕಾಂಗ ಊದಿ ನೋಯುತ್ತಿರುತ್ತದೆ. ಇದನ್ನೇ ಹಲವರು ಗ್ಯಾಸು ಎಂದುಕೊಂಡು ಜೀರಿಗೆ ಕಷಾಯ ಕುಡಿಯುತ್ತಾರೆ. ಊಟ ಸೇರದಿರುವುದು, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಇದರಿಂದಲೇ.

ಕಾಲು ಮಾತ್ರ ಮನೆಯವರೇ ನೋಡಬಹುದಾದದ್ದು. ಸಂಜೆ ಹೊತ್ತು ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳಿನಿಂದ ಹತ್ತು ಎಣಿಸುವವರೆಗೆ ಒತ್ತಿ ಕೈ ತೆಗೆಯಿರಿ. ಇಡ್ಲಿ ಹಿಟ್ಟಿಗೆ ಬೆರಳು ಅದ್ದಿದಂತೆ ಗುಳಿ ಉಳಿದರೆ ನೀರು ಸೇರಿದೆ. ಹಾಸಿಗೆ ಹಿಡಿದವರಲ್ಲಿ ನೀರು ಕಾಲಿಗೆ ಇಳಿಯದೆ ಸೊಂಟದ ಹಿಂಭಾಗದಲ್ಲಿ ನಿಲ್ಲುತ್ತದೆ, ಅಲ್ಲಿ ಒತ್ತಿ ನೋಡಬೇಕು. ಗದ್ದೆಯಲ್ಲಿ ನಿಂತು ಕಾಲು ಊದುವುದು, ಆನೆಕಾಲು, ಮೂತ್ರಪಿಂಡದ ರೋಗ, ರಕ್ತಹೀನತೆ, ರಕ್ತದೊತ್ತಡದ ಕೆಲವು ಮಾತ್ರೆಗಳು, ಇವೂ ಊತ ತರುತ್ತವೆ. ಎರಡೂ ಕಾಲು ಊದಿ, ಜೊತೆಗೆ ಮಲಗಿದಾಗ ಏದುಸಿರು ಇದ್ದರೆ ಹೃದಯದ ಕಡೆ ಬೆರಳು ತೋರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಹಿಗ್ಗಿದ ಹೃದಯದ ವಿಚಾರ. ದಪ್ಪಗಾದ ಹೃದಯದ ನಡತೆಯೇ ಬೇರೆ, ಅದು ಹೆಚ್ಚು ಮೋಸದ್ದು. ರೋಗಿ ಇಪ್ಪತ್ತರ ಗಟ್ಟಿಮುಟ್ಟಾದ ಹುಡುಗನಿರಬಹುದು. ಕಾಲು ಊದಿಲ್ಲ, ಕೊರಳು ಸರಿಯಿದೆ, ದುಡಿಮೆಗೆ ಕೊರತೆಯಿಲ್ಲ. ಒಂದು ದಿನ ವಾಲಿಬಾಲ್ ಆಡುವಾಗಲೋ ಅಡಿಕೆ ಮರ ಏರುವಾಗಲೋ ಕಣ್ಣು ಕತ್ತಲೆ ಬಂದು ಬೀಳುತ್ತಾನೆ. 1958ರಲ್ಲಿ ಲಂಡನ್ನಿನ ಶವಪರೀಕ್ಷಾ ತಜ್ಞ ಡೊನಾಲ್ಡ್ ಟೀರ್ ಈ ಬಗೆಯ ಹೃದಯಗಳನ್ನು ವಿವರಿಸಿ ಬರೆದರು. ಅವುಗಳಲ್ಲಿ ಹೆಚ್ಚಿನವು ಹಠಾತ್ತಾಗಿ ಸತ್ತ ಎಳೆಯರವು. ಈ ರೋಗ ಅಪರೂಪವೂ ಅಲ್ಲ: ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆಂದು ಲೆಕ್ಕ.

ಈ ಹುಡುಗನನ್ನು ವೈದ್ಯರು ಪರೀಕ್ಷಿಸುವ ಕ್ರಮ ನೋಡಲು ವಿಚಿತ್ರ. ಎದೆಗೆ ಸ್ಟೆತೊಸ್ಕೋಪ್ ಇಟ್ಟುಕೊಂಡೇ 'ಕುಕ್ಕರಗಾಲಿನಲ್ಲಿ ಕೂರು' ಎನ್ನುತ್ತಾರೆ, 'ಈಗ ಏಳು' ಎನ್ನುತ್ತಾರೆ, ಮೂಗು ಬಾಯಿ ಮುಚ್ಚಿ ಮುಕ್ಕಲು ಹೇಳುತ್ತಾರೆ. ಇದರ ಹಿಂದೆ ಸರಳವಾದ ತರ್ಕವಿದೆ. ದಪ್ಪಗಾದ ಗೋಡೆ ರಕ್ತ ಹೊರಹೋಗುವ ದಾರಿಯನ್ನು ಇಕ್ಕಟ್ಟು ಮಾಡಿರುತ್ತದೆ, ಆ ಇಕ್ಕಟ್ಟಿನಲ್ಲಿ ನುಗ್ಗುವ ರಕ್ತ ಮರ್ಮರ ಸದ್ದು ಮಾಡುತ್ತದೆ. ಕುಕ್ಕರಗಾಲಿನಲ್ಲಿ ಕುಳಿತಾಗ ಕಾಲಿನ ರಕ್ತ ಹೃದಯಕ್ಕೆ ಹೆಚ್ಚು ಬಂದು ತುಂಬಿ ದಾರಿ ಅಗಲವಾಗುತ್ತದೆ, ಸದ್ದು ತಗ್ಗುತ್ತದೆ. ತಟ್ಟನೆ ಎದ್ದು ನಿಂತಾಗ ಅಥವಾ ಮುಕ್ಕಿದಾಗ ಹೃದಯ ಬರಿದಾಗಿ ಗೋಡೆಗಳು ಹತ್ತಿರ ಬರುತ್ತವೆ, ಸದ್ದು ಜೋರಾಗುತ್ತದೆ. ಹೃದಯದ ಹೆಚ್ಚಿನ ಮರ್ಮರಗಳು ಇದಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತವೆ. ಕುಳ್ಳಿರಿಸಿ ಎಬ್ಬಿಸುವುದಕ್ಕೆ ಒಂದು ಕಾಸಿನ ಖರ್ಚಿಲ್ಲ, ಉಪಕಾರ ಮಾತ್ರ ದೊಡ್ಡದು. ಇಂಥವರಲ್ಲಿ ಎದೆಯ ಬಡಿತ ಜಾಗ ಬಿಟ್ಟು ಸರಿಯದಿದ್ದರೂ ಅಂಗೈಯನ್ನು ಬಲವಾಗಿ ಎತ್ತುತ್ತದೆ, ಒಮ್ಮೊಮ್ಮೆ ಜೋಡಿ ಬಡಿತವಾಗಿರುತ್ತದೆ. ನಾಡಿ ಚುರುಕಾಗಿ ಮೇಲೆದ್ದು ಬೆರಳಿಗೆ ಬಡಿಯುತ್ತದೆ.

ಆದರೆ ದಾರಿ ಇಕ್ಕಟ್ಟಾಗದೆ ಗೋಡೆ ಮಾತ್ರ ದಪ್ಪವಾಗಿದ್ದರೆ ಮರ್ಮರವೇ ಇರುವುದಿಲ್ಲ. ಅತಿ ಜಾಣ ವೈದ್ಯರ ಕಿವಿಗೂ ಏನೂ ಸಿಗದೆ ಹೋಗಬಹುದು. ಅಲ್ಲಿ ಕೈಕೊಡುವುದು ಮನೆಯವರ ನೆನಪು. ಈ ರೋಗ ವಂಶದಲ್ಲಿ ಇಳಿದು ಬರುತ್ತದೆ. ತಂದೆಗೋ ತಾಯಿಗೋ ಇದರ ಜೀನು ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. 2009ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಹೃದಯಸ್ನಾಯುವಿನ ಒಂದು ಪ್ರೋಟೀನಿಗೆ ಸಂಬಂಧಿಸಿದ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋದ ಬಗೆಯೊಂದು ನಮ್ಮ ದೇಶದ ನೂರು ಜನರಲ್ಲಿ ಸುಮಾರು ನಾಲ್ವರಲ್ಲಿದೆ ಎಂದು ತೋರಿಸಿತು. ಅದು ಇದ್ದವರಿಗೆಲ್ಲ ರೋಗ ಬರುವುದಿಲ್ಲ, ಹೆದರಬೇಕಿಲ್ಲ. ಆದರೂ 'ದೊಡ್ಡಪ್ಪನ ಮಗ ಇಪ್ಪತ್ತೈದಕ್ಕೆ ಮಲಗಿದಲ್ಲೇ ಹೋದ', 'ಚಿಕ್ಕಮ್ಮ ಬಾವಿಕಟ್ಟೆಯಲ್ಲಿ ಬಿದ್ದು ತೀರಿಕೊಂಡಳು' ಎಂಬಂಥ ಸಂಗತಿಗಳನ್ನು ನಾವು ಗಾಳಿ ಸೋಕಿತು, ದೃಷ್ಟಿ ತಾಗಿತು ಎಂದು ಮುಚ್ಚಿಡುತ್ತೇವೆ. ಮಗಳ ಸಂಬಂಧ ತಪ್ಪೀತು ಎಂದು ಹೆದರುವವರೂ ಇದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಇದು ದೊಡ್ಡ ತಪ್ಪು. ಶ್ರಮದ ಕೆಲಸ ಮಾಡುವಾಗ ಪ್ರಜ್ಞೆ ತಪ್ಪಿದ ಎಳೆಯರನ್ನು, ಅವರ ಮೈಮೇಲೆ ಯಾವ ಗುರುತೂ ಇಲ್ಲದಿದ್ದರೂ, ಇ.ಸಿ.ಜಿ. ಮತ್ತು ಎಕೋ ಆಗುವವರೆಗೆ ಮರ ಹತ್ತಿಸಬೇಡಿ. ರೋಗ ಖಚಿತವಾದರೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ಪರೀಕ್ಷೆ ಮಾಡಿಸಬೇಕು. ಮಕ್ಕಳನ್ನು ಒಮ್ಮೆ ನೋಡಿ ಬಿಟ್ಟರೆ ಸಾಲದು, ಬೆಳೆಯುತ್ತ ಹೋದಂತೆ ಗೋಡೆ ದಪ್ಪವಾಗಬಹುದು.

ಬಿರುಸಾದ ಹೃದಯದ ರೋಗಕ್ಕೆ ನಾವಿರುವ ಕೇರಳ ರಾಜ್ಯದ ಇತಿಹಾಸದಲ್ಲೇ ಜಾಗವಿದೆ. 1948ರಲ್ಲಿ ಡೇವಿಸ್ ಎಂಬ ವೈದ್ಯರು ಆಫ್ರಿಕದ ಉಗಾಂಡದಲ್ಲಿ ಹೃದಯದ ಒಳಮೈಗೆ ದಪ್ಪ ನಾರಿನ ಪದರ ಬೆಳೆಯುವ ರೋಗವನ್ನು ವಿವರಿಸಿದರು. ಅದೇ ರೋಗ ಕೇರಳದ ಕರಾವಳಿಯ ಬಡವರ ಮಕ್ಕಳಲ್ಲಿ, ಎಳೆಯರಲ್ಲಿ ಹೇರಳವಾಗಿ ಕಂಡುಬಂತು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಇದರ ಮೇಲೆ ವರ್ಷಗಟ್ಟಲೆ ಸಂಶೋಧನೆ, ಶಸ್ತ್ರಚಿಕಿತ್ಸೆ ನಡೆದವು. ಈ ರೋಗಿಗಳ ಗುರುತು ಕಣ್ಣಿಗೆ ಹೊಡೆಯುವಂಥದು: ಹೊಟ್ಟೆ ಮಡಕೆಯಂತೆ ನೀರು ತುಂಬಿ ಉಬ್ಬಿದ್ದರೂ ಕಾಲಿನ ಊತ ಅದಕ್ಕೆ ತಕ್ಕಷ್ಟಿಲ್ಲ, ಕೈಕಾಲು ಕಡ್ಡಿ. ಕೊರಳಿನ ನಾಳ ಮಾತ್ರ ಎದ್ದು ನಿಂತಿರುತ್ತದೆ. ಸಾಮಾನ್ಯವಾಗಿ ಉಸಿರೆಳೆದಾಗ ಆ ನಾಳದ ಮಟ್ಟ ಇಳಿಯಬೇಕು, ಬಿರುಸಾದ ಹೃದಯದಲ್ಲಿ ಏರುವುದೂ ಉಂಟು. ಹೊಟ್ಟೆ ನೋಡಿ ಲಿವರಿನ ರೋಗವೆಂದೋ ಕ್ಷಯವೆಂದೋ ತಿಳಿದು ಮೋಸಹೋಗುವುದನ್ನು ತಪ್ಪಿಸುವುದು ಕೊರಳೇ.

ಕೃಷಿಕರಿಗೆ ಆಸಕ್ತಿಯ ವಿಷಯವೆಂದರೆ, ಅಲ್ಲಿನ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ ಅವರು ಇದರ ಕಾರಣವನ್ನು ಮಣ್ಣಿನಲ್ಲಿ ಹುಡುಕಿದರು. ಕೇರಳದ ಮೊನಝೈಟ್ ಮರಳಿನಲ್ಲಿರುವ ಸೀರಿಯಂ ಎಂಬ ಧಾತು ಗೆಡ್ಡೆಗೆಣಸಿನ ಮೂಲಕ ದೇಹ ಸೇರಿ, ಮೆಗ್ನೀಸಿಯಂ ಕೊರತೆಯಿರುವ ಬಡವರ ಹೃದಯವನ್ನು ಕೆಡಿಸುತ್ತಿರಬಹುದು ಎಂಬುದು ಅವರ ಊಹೆ. ಅದು ಪೂರ್ತಿ ಸಾಬೀತಾಗಲಿಲ್ಲ. ಊಟ, ಶುಚಿತ್ವ ಸುಧಾರಿಸುತ್ತ ಬಂದ ದಶಕಗಳಲ್ಲಿ ರೋಗ ತಾನಾಗಿ ಬಹಳ ಕಡಿಮೆಯಾಯಿತು. ಮರಗೆಣಸು ತಿನ್ನುವವರು ಈಗ ಗಾಬರಿಯಾಗಬೇಕಿಲ್ಲ.

ಗ್ರೀಸ್ ದೇಶದ ನಾಕ್ಸೋಸ್ ದ್ವೀಪದ ವಿಚಾರವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇವೆ. ಅಲ್ಲಿನ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದ ಉಣ್ಣೆಯಂಥ ಕೂದಲು, ಅಂಗೈ ಅಂಗಾಲುಗಳಲ್ಲಿ ದಪ್ಪ ಚರ್ಮ ಇರುವವರಿಗೆ ಪ್ರಾಯಕ್ಕೆ ಬಂದಾಗ ಹೃದಯದ ಸ್ನಾಯು ಕೆಡುವುದನ್ನು ವೈದ್ಯರು 1986ರಲ್ಲಿ ಪ್ರಕಟಿಸಿದರು. ಗುದ್ದಲಿ ಹಿಡಿದು ದಡ್ಡುಗಟ್ಟಿದ ನಮ್ಮ ಅಂಗೈಗೂ ಇದಕ್ಕೂ ಸಂಬಂಧವಿಲ್ಲ. ಎಳೆಯ ಮಗುವಿನಲ್ಲೇ ಎರಡೂ ಒಟ್ಟಿಗೆ ಕಂಡರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಬಾಣಂತಿಯರ ಮಾತು ಹೇಳದೆ ಮುಗಿಸುವಂತಿಲ್ಲ. ಹೆರಿಗೆಗೆ ಮುಂಚಿನ ಕೊನೆಯ ತಿಂಗಳಿನಿಂದ ಹೆರಿಗೆಯಾದ ಐದಾರು ತಿಂಗಳೊಳಗೆ, ಅದುವರೆಗೆ ಆರೋಗ್ಯವಾಗಿದ್ದ ಹೆಂಗಸಿನ ಹೃದಯಸ್ನಾಯು ಸೋಲುವುದುಂಟು. ಕಾಲು ಊದುವುದು, ಆಯಾಸ, ನಿದ್ದೆಗೇಡು ಇವೆಲ್ಲ ಬಾಣಂತನದಲ್ಲಿ ಸಹಜವೇ ಆದ್ದರಿಂದ ಅಜ್ಜಿಯಂದಿರು 'ನಮಗೂ ಹೀಗೇ ಇತ್ತು' ಎಂದು ಸುಮ್ಮನಿರಿಸುತ್ತಾರೆ. ಹೆರಿಗೆಯಾದ ಮೇಲೂ ಊತ ಇಳಿಯದೆ ಏರುತ್ತಿದ್ದರೆ, ಮಗುವಿನ ಪಕ್ಕ ನೆಟ್ಟಗೆ ಮಲಗಲಾಗದೆ ಗೋಡೆಗೆ ಒರಗಿ ಕೂತು ಹಾಲೂಡಿಸುತ್ತಿದ್ದರೆ, ರಾತ್ರಿ ಕೆಮ್ಮು ಬರುತ್ತಿದ್ದರೆ ಮರುದಿನಕ್ಕೆ ಕಾಯಬೇಡಿ. ಸಕಾಲಕ್ಕೆ ಚಿಕಿತ್ಸೆ ಸಿಕ್ಕಿದವರಲ್ಲಿ ಅನೇಕರ ಹೃದಯ ಮರಳಿ ಚೇತರಿಸಿಕೊಳ್ಳುತ್ತದೆ. ಇಂಥವರು ಮುಂದಿನ ಮಗುವಿನ ಯೋಚನೆಗೆ ಮೊದಲೇ ಹೃದಯದ ವೈದ್ಯರನ್ನು ಕಾಣಬೇಕು.

ಕುಡಿತದ ಬಗ್ಗೆ ವೈದ್ಯರು ಕೇಳಿದರೆ ನಿಜ ಹೇಳಿ. ಅವರು ಕೇಳುವುದು ಬುದ್ಧಿ ಹೇಳಲೆಂದಲ್ಲ. ಕುಡಿತದಿಂದ ಸೋತ ಸ್ನಾಯು ಕುಡಿತ ಪೂರ್ತಿ ಬಿಟ್ಟರೆ ಎಷ್ಟೋ ಜನರಲ್ಲಿ ಸುಧಾರಿಸುತ್ತದೆ, ಆ ಲೆಕ್ಕಕ್ಕೆ ಉತ್ತರ ಬೇಕು. ನಮ್ಮ ನೆರೆಯವರು ಮೊದಲು 'ಹಬ್ಬಕ್ಕೆ ಮಾತ್ರ' ಎಂದರಂತೆ. ಹೆಂಡತಿ ಪಕ್ಕದಲ್ಲಿ ನಿಂತು ವರ್ಷದ ಹಬ್ಬಗಳನ್ನು ಎಣಿಸತೊಡಗಿದರು.

ಅವರು ಈಗ ಮಾತ್ರೆ ತೆಗೆದುಕೊಳ್ಳುತ್ತಾರೆ, ಕಳ್ಳು ಬಿಟ್ಟಿದ್ದಾರೆ, ಉಪ್ಪಿನಕಾಯಿ ಒಣಮೀನು ಬಿಡಲು ಹೆಣಗುತ್ತಿದ್ದಾರೆ. ಮನೆಯಲ್ಲಿ ತೂಕದ ಯಂತ್ರ ತಂದಿಟ್ಟಿದ್ದಾರೆ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಗಂಜಿಗೆ ಮೊದಲು ಅದರ ಮೇಲೆ ನಿಂತು ಅಂಕಿಯನ್ನು ಕ್ಯಾಲೆಂಡರಿನ ಅದೇ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. ಎರಡು ಮೂರು ದಿನದಲ್ಲಿ ಎರಡು ಕಿಲೊ ಏರಿದರೆ ಅದು ಮಾಂಸವಲ್ಲ, ನೀರು; ಕಾಲು ಊದುವ ಮೊದಲೇ ಯಂತ್ರ ಹೇಳುತ್ತದೆ ಎಂದು ಡಾಕ್ಟರಮ್ಮ ಕಲಿಸಿಕೊಟ್ಟಿದ್ದಾರೆ. ನಾವು ಈ ಲೇಖನದ ಸಲುವಾಗಿ ಹೋದ ದಿನ ಚೌಕದಲ್ಲಿ 61 ಇದ್ದದ್ದು ಮೂರು ದಿನದಲ್ಲಿ 63 ಆಗಿತ್ತು. ಮಗಳ ಮನೆಯ ಔತಣ, ಒಣಸಿಗಡಿಯ ಚಟ್ನಿ ಎಂದು ಹೆಂಡತಿಯೇ ಒಪ್ಪಿಸಿದರು. ನಮ್ಮೆದುರಿಗೇ ಡಾಕ್ಟರಮ್ಮನಿಗೆ ಫೋನು ಹೋಯಿತು. ಸಂಜೆ ಬಸ್ಸಿಗೆ ಅವರಿಬ್ಬರೂ ಹೊರಟರು, ಬಿಚ್ಚಲು ಸುಲಭವಾಗಲೆಂದು ಗುಂಡಿಯ ಅಂಗಿ ಹಾಕಿಕೊಂಡು.